ವಾಹನ ಬಾಡಿ ತಯಾರಿಕೆಯಲ್ಲಿ ಭಿನ್ನ ಲೋಹಗಳ ಜೋಡಣೆ

ಭಿನ್ನ ಲೋಹಗಳ ಜೋಡಣೆ ಎಂದರೆ ಗುಣಧರ್ಮಗಳಲ್ಲಿ ಪರಸ್ಪರ ವ್ಯತ್ಯಾಸವಿರುವ ಎರಡು ಅಥವಾ ಹೆಚ್ಚು ಲೋಹಗಳನ್ನು ಒಂದೇ ರಚನೆಯ ಭಾಗಗಳಾಗಿ ಸೇರಿಸುವ ಕ್ರಿಯೆ. ಕಾರು, ಬಸ್ಸು, ಲಾರಿ ಮುಂತಾದ ವಾಹನಗಳ ಬಾಡಿಯನ್ನು ಹಗುರಗೊಳಿಸುವ ಸಲುವಾಗಿ ಉಕ್ಕಿನೊಂದಿಗೆ ಅಲ್ಯೂಮಿನಿಯಂ ಮತ್ತು ಕೆಲವೊಮ್ಮೆ ಮೆಗ್ನೀಸಿಯಂ ಮಿಶ್ರಲೋಹಗಳನ್ನು ಬಳಸಲಾಗುತ್ತದೆ. ಈ ಲೋಹಗಳನ್ನು ಉಕ್ಕಿಗೆ ಉಕ್ಕನ್ನು ಬೆಸೆಯುವಂತೆ ಕರಗಿಸಿ ಬೆಸೆಯುವುದು ಕಷ್ಟ. ಆದ್ದರಿಂದ ರಿವೆಟ್, ತಿರುಪು, ಅಂಟು, ಘರ್ಷಣಾ ಬೆಸುಗೆ ಮೊದಲಾದ ಬೇರೆ ವಿಧಾನಗಳು ಬಳಕೆಗೆ ಬಂದಿವೆ. ಇಂತಹ ಜೋಡಣೆಯ ಬಾಳಿಕೆಯು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ. ಮೊದಲನೆಯದು, ಲೋಹಗಳ ಸಂಧಿಯಲ್ಲಿ ಉಂಟಾಗುವ ಪೆಡಸು ಪದರವನ್ನು ತೆಳುವಾಗಿಡುವುದು. ಎರಡನೆಯದು, ಸಂಧಿಯೊಳಕ್ಕೆ ನೀರು ಸೇರದಂತೆ ತಡೆಯುವುದು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಕಾರುಗಳ ಬಾಡಿಯನ್ನು ಉಕ್ಕಿನ ತಗಡಿನಿಂದಲೇ ತಯಾರಿಸಲಾಗುತ್ತಿತ್ತು. ತಗಡುಗಳನ್ನು ಬಿಂದು ಬೆಸುಗೆಯಿಂದ ಸೇರಿಸಲಾಗುತ್ತಿತ್ತು. ಎರಡು ತಗಡುಗಳನ್ನು ತಾಮ್ರದ ವಿದ್ಯುದ್ವಾರಗಳ ನಡುವೆ ಒತ್ತಿ ಪ್ರಬಲ ವಿದ್ಯುತ್ತನ್ನು ಕ್ಷಣಕಾಲ ಹರಿಸಿದರೆ ನಡುವಿನ ಬಿಂದು ಕರಗಿ ಒಂದಾಗುತ್ತದೆ. ಒಂದು ಕಾರಿನಲ್ಲಿ ಇಂತಹ ಸಾವಿರಾರು ಬಿಂದುಗಳಿರುತ್ತವೆ. ಈ ವಿಧಾನ ಅಗ್ಗ, ವೇಗದ್ದು ಮತ್ತು ವಿಶ್ವಾಸಾರ್ಹವಾದುದು.

ಇಂಧನದ ಉಳಿತಾಯ ಮತ್ತು ಹೊಗೆಯ ನಿಯಂತ್ರಣ ಅಗತ್ಯವಾದಾಗ ವಾಹನದ ತೂಕ ಇಳಿಸುವ ಪ್ರಯತ್ನಗಳು ಹೆಚ್ಚಿದವು. ತೂಕದಲ್ಲಿ ಶೇ. 10ರಷ್ಟು ಇಳಿಕೆಯಾದರೆ ಇಂಧನದಲ್ಲಿ ಸುಮಾರು ಶೇ. 6ರಿಂದ 8ರಷ್ಟು ಉಳಿತಾಯವಾಗುತ್ತದೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ವಿದ್ಯುತ್ ವಾಹನಗಳಲ್ಲಿ ಬ್ಯಾಟರಿಯೇ ಭಾರವಾಗಿರುವುದರಿಂದ ಬಾಡಿಯ ತೂಕ ಇನ್ನಷ್ಟು ಮುಖ್ಯವಾಗುತ್ತದೆ.

ಉಕ್ಕಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ, ಅಲ್ಯೂಮಿನಿಯಂನದು 2.70 ಗ್ರಾಂ, ಮೆಗ್ನೀಸಿಯಂನದು 1.74 ಗ್ರಾಂ. ಆದರೆ ಅಲ್ಯೂಮಿನಿಯಂನ ಬಿಗುವು ಉಕ್ಕಿನ ಮೂರನೇ ಒಂದು ಭಾಗದಷ್ಟು ಮಾತ್ರ. ಬಾಗದೆ ನಿಲ್ಲುವ ಅಷ್ಟೇ ಸಾಮರ್ಥ್ಯವನ್ನು ಪಡೆಯಲು ಅಲ್ಯೂಮಿನಿಯಂ ತಗಡು ಸುಮಾರು ಒಂದೂವರೆ ಪಟ್ಟು ದಪ್ಪವಿರಬೇಕು. ಹಾಗಿದ್ದರೂ ಅದರ ತೂಕ ಉಕ್ಕಿನ ತಗಡಿನ ಅರ್ಧದಷ್ಟಾಗುತ್ತದೆ. ಅಲ್ಯೂಮಿನಿಯಂ ದುಬಾರಿಯಾದ ಕಾರಣ ಇಡೀ ಬಾಡಿಯನ್ನು ಅದರಿಂದಲೇ ಮಾಡುವುದು ವಿರಳ. ಅಪಘಾತದಲ್ಲಿ ಪ್ರಯಾಣಿಕರನ್ನು ಕಾಯುವ ಕಂಬ, ತೊಲೆಗಳಿಗೆ ಅಧಿಕ ಸಾಮರ್ಥ್ಯದ ಉಕ್ಕನ್ನು, ಬಾನೆಟ್, ಬಾಗಿಲು, ಹೊರ ಹೊದಿಕೆಗಳಿಗೆ ಅಲ್ಯೂಮಿನಿಯಂ ಅನ್ನು ಬಳಸುವ ಮಿಶ್ರ ರಚನೆ ಹೆಚ್ಚು ಪ್ರಚಲಿತವಾಗಿದೆ. ಇಲ್ಲಿಯೇ ಜೋಡಣೆಯ ಪ್ರಶ್ನೆ ಎದುರಾಗುತ್ತದೆ.

ಕರಗಿಸಿ ಬೆಸೆಯುವುದರಲ್ಲಿನ ತೊಡಕುಗಳು

ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಉಕ್ಕು ಕರಗುವಷ್ಟು ಶಾಖ ಕೊಟ್ಟರೆ ಅಷ್ಟರಲ್ಲಿ ಅಲ್ಯೂಮಿನಿಯಂ ಹರಿದುಹೋಗಿರುತ್ತದೆ. ಅಲ್ಯೂಮಿನಿಯಂನ ಮೇಲ್ಮೈಯಲ್ಲಿ ಸದಾ ಇರುವ ಆಕ್ಸೈಡ್ ಪದರ 2000 ಡಿಗ್ರಿ ಮೀರಿದರೂ ಕರಗದು. ಆದ್ದರಿಂದ ಅದನ್ನು ತೆಗೆಯದೆ ಲೋಹಕ್ಕೆ ಲೋಹ ತಾಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ರಾಸಾಯನಿಕವಾದುದು. ಘನರೂಪದ ಅಲ್ಯೂಮಿನಿಯಂನಲ್ಲಿ ಕಬ್ಬಿಣ ಬಹುತೇಕ ಕರಗುವುದೇ ಇಲ್ಲ. ಬಿಸಿಯಲ್ಲಿ ಇವೆರಡೂ ಸೇರಿದಾಗ ಸಂಧಿಯಲ್ಲಿ ಅಂತರಲೋಹೀಯ ಸಂಯುಕ್ತಗಳು ಉಂಟಾಗುತ್ತವೆ. ಎರಡು ಕಬ್ಬಿಣದ ಪರಮಾಣುಗಳಿಗೆ ಐದು ಅಲ್ಯೂಮಿನಿಯಂ ಪರಮಾಣುಗಳಿರುವ ಸಂಯುಕ್ತ ಇವುಗಳಲ್ಲಿ ಪ್ರಮುಖವಾದುದು. ಇವು ಬಹಳ ಗಟ್ಟಿ, ಆದರೆ ಗಾಜಿನಂತೆ ಪೆಡಸು. ಪದರವು ಸುಮಾರು 10 ಮೈಕ್ರೋಮೀಟರ್‌ಗಿಂತ ದಪ್ಪವಾದರೆ ಸಂಧಿಯು ಅಲ್ಪ ಹೊಡೆತಕ್ಕೂ ಬಿರಿಯುತ್ತದೆ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಶಾಖ ಹೆಚ್ಚಿದಷ್ಟೂ, ಶಾಖದಲ್ಲಿರುವ ಕಾಲ ಹೆಚ್ಚಿದಷ್ಟೂ ಪದರ ಬೆಳೆಯುತ್ತದೆ. ಹೀಗಾಗಿ ಹೊರನೋಟಕ್ಕೆ ಚೆನ್ನಾಗಿ ಕೂಡಿದಂತೆ ಕಾಣುವ ಬೆಸುಗೆಯೂ ಒಳಗೆ ದುರ್ಬಲವಾಗಿರಬಹುದು.

ಮೂರನೆಯದು ಉಷ್ಣ ವ್ಯಾಕೋಚನ. ಒಂದೇ ಪ್ರಮಾಣದ ಶಾಖ ಏರಿಕೆಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಣ್ಣ ಬೇಯಿಸುವ ಒಲೆಯಲ್ಲಿ ಬಾಡಿಯ ಉಷ್ಣತೆ 150 ಡಿಗ್ರಿಯಷ್ಟು ಏರಿದಾಗ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ತಗಡು ಸುಮಾರು 3.5 ಮಿ.ಮೀ., ಉಕ್ಕಿನ ತಗಡು ಸುಮಾರು 1.8 ಮಿ.ಮೀ. ಉದ್ದವಾಗುತ್ತವೆ. ಎರಡನ್ನೂ ಬಿಗಿಯಾಗಿ ಸೇರಿಸಿದ್ದರೆ ತಗಡು ಉಬ್ಬುತ್ತದೆ ಅಥವಾ ಸಂಧಿಯ ಮೇಲೆ ಎಳೆತ ಬೀಳುತ್ತದೆ.

ಪರಿಚಿತ ಉದಾಹರಣೆಗಳು

ಭಿನ್ನ ವಸ್ತುಗಳ ಜೋಡಣೆ ಗ್ರಾಮೀಣ ಕಸಬುಗಳಿಗೆ ಹೊಸತಲ್ಲ. ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ಕಟ್ಟುವಾಗ ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದ ಸ್ಥಿತಿಯಲ್ಲಿ ಗಾಲಿಯ ಮೇಲೆ ಕೂರಿಸಿ ನೀರು ಹೊಯ್ಯುತ್ತಾರೆ. ಹಳಿ ಕುಗ್ಗಿ ಗಾಲಿಯನ್ನು ಬಿಗಿಯುತ್ತದೆ. ಇಲ್ಲಿ ಎರಡು ವಸ್ತುಗಳ ನಡುವೆ ಯಾವ ಬೆಸುಗೆಯೂ ಇಲ್ಲ. ಹಿಡಿತ ಸಂಪೂರ್ಣವಾಗಿ ಯಾಂತ್ರಿಕವಾದುದು.

ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಹಾಕುವ ಕಲಾಯಿ ಇನ್ನೊಂದು ಬಗೆಯದು. ಕಲಾಯಿಗಾರನು ಕಾದ ಪಾತ್ರೆಗೆ ನವಸಾಗರವನ್ನು ಉಜ್ಜಿ ಆಕ್ಸೈಡನ್ನು ತೆಗೆಯುತ್ತಾನೆ, ಬಳಿಕ ತವರವನ್ನು ಸವರುತ್ತಾನೆ. ತವರ 232 ಡಿಗ್ರಿಯಲ್ಲಿ ಕರಗುತ್ತದೆ, ತಾಮ್ರ ಘನವಾಗಿಯೇ ಉಳಿಯುತ್ತದೆ. ಎರಡರ ನಡುವೆ ಅತಿ ತೆಳುವಾದ ತಾಮ್ರ–ತವರ ಸಂಯುಕ್ತದ ಪದರ ಉಂಟಾಗಿ ತವರ ಅಂಟಿಕೊಳ್ಳುತ್ತದೆ. ಒಂದು ಲೋಹ ಕರಗಿ ಇನ್ನೊಂದು ಕರಗದೆ ಉಳಿಯುವ ಈ ತತ್ವವನ್ನೇ ಅಲ್ಯೂಮಿನಿಯಂ–ಉಕ್ಕಿನ ಕೆಲವು ಆಧುನಿಕ ಬೆಸುಗೆಗಳಲ್ಲಿ ಬಳಸಲಾಗುತ್ತದೆ.

ಜೋಡಣೆಯ ವಿಧಾನಗಳು

ಸ್ವಯಂಭೇದಕ ರಿವೆಟ್: ಸಾಮಾನ್ಯ ರಿವೆಟ್ಟಿಗೆ ಮೊದಲು ರಂಧ್ರ ಕೊರೆಯಬೇಕು. ಸ್ವಯಂಭೇದಕ ರಿವೆಟ್ ಗಟ್ಟಿ ಉಕ್ಕಿನದಾಗಿದ್ದು, ಒತ್ತಡದಿಂದ ಮೇಲಿನ ತಗಡನ್ನು ತೂರಿ ಕೆಳಗಿನ ತಗಡಿನೊಳಗೆ ಅರಳಿ ಸಿಕ್ಕಿಕೊಳ್ಳುತ್ತದೆ. ಕೆಳಗಿನ ತಗಡು ತೂತಾಗುವುದಿಲ್ಲ; ಆದ್ದರಿಂದ ಆ ಬದಿಯಿಂದ ನೀರು ಒಳಸೇರದು. 2003ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಜೆ ಕಾರಿನ ಅಲ್ಯೂಮಿನಿಯಂ ಬಾಡಿಯನ್ನು ಮುಖ್ಯವಾಗಿ ಇಂತಹ ರಿವೆಟ್ ಮತ್ತು ಅಂಟಿನಿಂದ ಜೋಡಿಸಲಾಗಿತ್ತು. ಈ ವಿಧಾನಕ್ಕೆ ತಗಡಿನ ಎರಡೂ ಬದಿಗಳಿಂದ ಉಪಕರಣ ತಲುಪಬೇಕಾಗುತ್ತದೆ. ಒಂದೇ ಬದಿಯಿಂದ ತಲುಪಬಹುದಾದ ಕಡೆ ಘರ್ಷಣೆಯ ಶಾಖದಿಂದ ತಾನೇ ದಾರಿ ಮಾಡಿಕೊಳ್ಳುವ ತಿರುಪುಗಳನ್ನು ಬಳಸುತ್ತಾರೆ.

ಅಂಟು: ಎಪಾಕ್ಸಿ ಅಂಟನ್ನು ತಗಡುಗಳ ನಡುವೆ ಹಚ್ಚಿ ಬಣ್ಣದ ಒಲೆಯ ಶಾಖದಲ್ಲೇ ಗಟ್ಟಿಯಾಗಿಸಲಾಗುತ್ತದೆ. ಅಂಟು ಭಾರವನ್ನು ಇಡೀ ಪಟ್ಟಿಯ ಮೇಲೆ ಹಂಚುತ್ತದೆ. ಜೊತೆಗೆ ಎರಡು ಲೋಹಗಳು ನೇರವಾಗಿ ತಾಗದಂತೆ ಮಾಡುತ್ತದೆ. ಸಿಪ್ಪೆ ಸುಲಿದಂತೆ ಎಳೆದರೆ ಅಂಟು ಬಿಟ್ಟುಕೊಳ್ಳುವ ಸಾಧ್ಯತೆ ಇರುವುದರಿಂದ ಅದರ ಜೊತೆಗೆ ರಿವೆಟ್ಟುಗಳನ್ನೂ ಹಾಕುವುದು ರೂಢಿ.

ಘರ್ಷಣಾ ಕಲಕು ಬೆಸುಗೆ: ಈ ವಿಧಾನವನ್ನು 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬೆಸುಗೆ ಸಂಶೋಧನಾ ಸಂಸ್ಥೆ ಟಿಡಬ್ಲ್ಯೂಐ ಅಭಿವೃದ್ಧಿಪಡಿಸಿತು. ತಿರುಗುವ ಗಟ್ಟಿ ಮೊಳೆಯೊಂದು ಘರ್ಷಣೆಯಿಂದ ಲೋಹವನ್ನು ಮೆದುಗೊಳಿಸಿ ಕಲಕುತ್ತಾ ಸಾಗುತ್ತದೆ. ಲೋಹ ಕರಗುವುದಿಲ್ಲ, ಆದ್ದರಿಂದ ಪೆಡಸು ಪದರ ತೆಳುವಾಗಿಯೇ ಉಳಿಯುತ್ತದೆ. ಹೋಂಡಾ ಕಂಪನಿಯು 2013ರ ಮಾದರಿಯ ಅಕಾರ್ಡ್ ಕಾರಿನ ಮುಂಭಾಗದ ಉಪಚೌಕಟ್ಟಿನಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಅನ್ನು ಈ ಬಗೆಯಲ್ಲಿ ಸೇರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಬೆಸುಗೆಯ ಕುರಿತು ಸಂಶೋಧನೆ ನಡೆದಿದೆ.

ಬೆಸುಗೆ–ಬೆಸೆತ: ಸತು ಲೇಪಿತ ಉಕ್ಕಿನ ತಗಡಿನ ಮೇಲೆ ಅಲ್ಯೂಮಿನಿಯಂ ಮಿಶ್ರಲೋಹದ ತಂತಿಯನ್ನು ನಿಯಂತ್ರಿತ ಶಾಖದಲ್ಲಿ ಕರಗಿಸಲಾಗುತ್ತದೆ. ಕಲಾಯಿಯಂತೆ ಉಕ್ಕು ಘನವಾಗಿಯೇ ಉಳಿಯುತ್ತದೆ. ಸತುವು ಕರಗಿದ ಲೋಹ ಚೆನ್ನಾಗಿ ಹರಡಲು ನೆರವಾಗುತ್ತದೆ.

ಲೋಹಗಳ ನಶಿಸುವಿಕೆ

ನಿಂಬೆಹಣ್ಣಿಗೆ ಸತು ಮತ್ತು ತಾಮ್ರದ ಪಟ್ಟಿಗಳನ್ನು ಚುಚ್ಚಿ ವಿದ್ಯುತ್ ಪಡೆಯುವ ಪ್ರಯೋಗ ಶಾಲೆಗಳಲ್ಲಿ ಸಾಮಾನ್ಯ. ಎರಡು ಬೇರೆ ಲೋಹಗಳು, ಅವುಗಳ ನಡುವೆ ಲವಣ ಅಥವಾ ಆಮ್ಲಯುಕ್ತ ನೀರು, ಮತ್ತು ಲೋಹಗಳ ನಡುವೆ ವಿದ್ಯುತ್ ಸಂಪರ್ಕ ಇದ್ದರೆ ಕೋಶವೊಂದು ಸಿದ್ಧವಾಗುತ್ತದೆ. ಹೆಚ್ಚು ಕ್ರಿಯಾಶೀಲವಾದ ಲೋಹ ಸವೆಯುತ್ತದೆ. ಉಕ್ಕು ಮತ್ತು ಅಲ್ಯೂಮಿನಿಯಂ ಕೂಡಿದಲ್ಲಿ ಕೊಳಕು ನೀರು ನಿಂತರೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಸಂಧಿಯಂಚಿನಲ್ಲಿ ಬಿಳಿ ಪುಡಿ ಕಾಣಿಸುವುದು, ಬಣ್ಣ ಗುಳ್ಳೆಯೇಳುವುದು ಇದರ ಲಕ್ಷಣಗಳು. ಯುದ್ಧಾನಂತರ ಉಕ್ಕಿನ ಅಭಾವವಿದ್ದ ಇಂಗ್ಲೆಂಡಿನಲ್ಲಿ 1948ರಲ್ಲಿ ಬಂದ ಲ್ಯಾಂಡ್ ರೋವರ್‌ನ ಅಲ್ಯೂಮಿನಿಯಂ ಮಿಶ್ರಲೋಹದ ಬಾಡಿಯು ಉಕ್ಕಿನ ಚೌಕಟ್ಟಿಗೆ ತಾಗುವ ಕಡೆ ಈ ಸಮಸ್ಯೆ ಕಂಡುಬರುತ್ತಿತ್ತು.

ವಿಸ್ತೀರ್ಣದ ಅನುಪಾತವೂ ಮುಖ್ಯ. ದೊಡ್ಡ ಉಕ್ಕಿನ ತಗಡಿಗೆ ಸಣ್ಣ ಅಲ್ಯೂಮಿನಿಯಂ ರಿವೆಟ್ ಹಾಕಿದರೆ ಸವೆತವೆಲ್ಲ ರಿವೆಟ್ಟಿನ ಮೇಲೆ ಕೇಂದ್ರೀಕರಿಸಿ ಅದು ಬೇಗ ನಾಶವಾಗುತ್ತದೆ. ದೊಡ್ಡ ಅಲ್ಯೂಮಿನಿಯಂ ತಗಡಿಗೆ ಲೇಪಿತ ಉಕ್ಕಿನ ರಿವೆಟ್ ಹಾಕಿದರೆ ಸವೆತ ಹಂಚಿಹೋಗಿ ಅಪಾಯ ಕಡಿಮೆಯಾಗುತ್ತದೆ. ಲೋಹಗಳ ನಡುವೆ ಅಂಟು, ಸೀಲಂಟ್ ಅಥವಾ ಪ್ರೈಮರ್ ಹಚ್ಚುವುದು, ನೀರು ನಿಲ್ಲದಂತೆ ಸಂಧಿಯನ್ನು ರೂಪಿಸುವುದು ಮುಖ್ಯ ಪರಿಹಾರಗಳು.

ಕರ್ನಾಟಕ ಮತ್ತು ಕೊಪ್ಪಳ ಪ್ರದೇಶ

ಕರ್ನಾಟಕದ ಉತ್ತರ ಭಾಗದಲ್ಲಿ ವಾಹನೋದ್ಯಮಕ್ಕೆ ಬೇಕಾದ ಕಬ್ಬಿಣ ಮತ್ತು ಉಕ್ಕಿನ ಉತ್ಪಾದನೆ ಗಣನೀಯವಾಗಿದೆ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾದಲ್ಲಿ ಮಿಶ್ರಲೋಹದ ಉಕ್ಕು, ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಬೀಡುಕಬ್ಬಿಣ ಮತ್ತು ಎರಕದ ಬಿಡಿಭಾಗಗಳು ತಯಾರಾಗುತ್ತವೆ. ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆಯಲ್ಲಿ ವಾಹನ ಬಾಡಿಗೆ ಬೇಕಾದ ತಗಡನ್ನೂ ತಯಾರಿಸಲಾಗುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು ಬೇರೊಂದು ದಾರಿ ಹಿಡಿದಿತ್ತು. ಅದರಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊದಿಕೆಗಳಿದ್ದವು.

ಸಾಮಾನ್ಯ ಜನರಿಗೆ ಹೆಚ್ಚು ಪರಿಚಿತವಾದ ಮಿಶ್ರ ಲೋಹ ರಚನೆಯೆಂದರೆ ಬಸ್ಸು. ಭಾರತದಲ್ಲಿ ಬಸ್ ಬಾಡಿಗಳನ್ನು ಉಕ್ಕಿನ ಚೌಕ ಕೊಳವೆಗಳ ಅಸ್ಥಿಪಂಜರದ ಮೇಲೆ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಮಾಡಿ ಕಟ್ಟುವ ಪದ್ಧತಿ ವ್ಯಾಪಕವಾಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾಗಳಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕಗಳಿದ್ದು, ಹಳ್ಳಿಗಳ ಶಾಲಾ ಮಕ್ಕಳು, ರೈತರು, ಕೂಲಿಕಾರರು ದಿನನಿತ್ಯ ಬಸ್ಸನ್ನೇ ಅವಲಂಬಿಸಿದ್ದಾರೆ. ಹತ್ತು ಮೀಟರ್ ಉದ್ದದ ಬಸ್ಸಿನಲ್ಲಿ ತಗಡಿನ ಉಷ್ಣತೆ ಬೆಳಗಿನಿಂದ ಮಧ್ಯಾಹ್ನಕ್ಕೆ 40 ಡಿಗ್ರಿಯಷ್ಟು ಏರಿದರೆ, ಒಟ್ಟು ಉದ್ದದಲ್ಲಿ ಅಲ್ಯೂಮಿನಿಯಂ ಸುಮಾರು 9 ಮಿ.ಮೀ., ಉಕ್ಕು ಸುಮಾರು 5 ಮಿ.ಮೀ. ಹಿಗ್ಗುತ್ತವೆ. ಹೊದಿಕೆಯನ್ನು ಒಂದೇ ತಗಡಾಗಿಸದೆ ತುಂಡುಗಳಾಗಿ ಹಾಕುವುದರಿಂದ ಈ ವ್ಯತ್ಯಾಸ ಒಂದೇ ಕಡೆ ಕೂಡದೆ ಹಂಚಿಹೋಗುತ್ತದೆ. ಹಿಗ್ಗುವಿಕೆ ಮತ್ತು ರಸ್ತೆಯ ಕುಲುಕಾಟ ಎರಡೂ ಪ್ರತಿದಿನ ರಿವೆಟ್ಟುಗಳನ್ನು ಅಲುಗಿಸುತ್ತವೆ. ಸಡಿಲಗೊಂಡ ರಿವೆಟ್ಟಿನ ಸುತ್ತ ನೀರು ಸೇರಲು ದಾರಿಯಾಗುತ್ತದೆ.

ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಮಳೆ ಕಡಿಮೆಯಾದ್ದರಿಂದ ಕರಾವಳಿಗೆ ಹೋಲಿಸಿದರೆ ನಶಿಸುವಿಕೆ ನಿಧಾನ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿರುವ ಗಂಗಾವತಿ ಭಾಗದಲ್ಲಿ ಭತ್ತದ ಗದ್ದೆಗಳ ಕೆಸರು ವಾಹನದ ಕೆಳಭಾಗಕ್ಕೆ ಮೆತ್ತಿಕೊಂಡು ತೇವವನ್ನು ಹಿಡಿದಿಡಬಲ್ಲದು. ರಸಗೊಬ್ಬರ ಸಾಗಿಸುವ ವಾಹನಗಳಲ್ಲಿ ಚೆಲ್ಲಿದ ಗೊಬ್ಬರ, ವಿಶೇಷವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುವ ಪೊಟ್ಯಾಷ್, ನೀರಿನೊಡನೆ ಸೇರಿ ಸವೆತವನ್ನು ತೀವ್ರಗೊಳಿಸುತ್ತದೆ. ಸಂಧಿಗಳನ್ನು ಆಗಾಗ ಸಿಹಿನೀರಿನಿಂದ ತೊಳೆದು ಒಣಗಿಸುವುದು ಸರಳ ರಕ್ಷಣೋಪಾಯ.

ದುರಸ್ತಿ ಮತ್ತು ಸುರಕ್ಷತೆ

ಮಿಶ್ರ ಲೋಹದ ಬಾಡಿಯನ್ನು ಪೂರ್ಣ ಉಕ್ಕಿನ ಬಾಡಿಯೆಂದು ಭಾವಿಸಿ ದುರಸ್ತಿ ಮಾಡುವುದು ಅಪಾಯಕಾರಿ. ಗ್ಯಾಸ್ ಅಥವಾ ಆರ್ಕ್ ಬೆಸುಗೆಯ ಶಾಖಕ್ಕೆ ಸಮೀಪದ ಅಂಟು ಸುಟ್ಟುಹೋಗುತ್ತದೆ, ಶಾಖೋಪಚಾರದಿಂದ ಗಟ್ಟಿಗೊಳಿಸಿದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ಅಧಿಕ ಸಾಮರ್ಥ್ಯದ ಉಕ್ಕು ತನ್ನ ಬಲ ಕಳೆದುಕೊಳ್ಳುತ್ತದೆ. ಬಣ್ಣ ಬಳಿದ ಮೇಲೆ ಈ ದೋಷ ಯಾರಿಗೂ ಕಾಣುವುದಿಲ್ಲ; ಮುಂದಿನ ಅಪಘಾತದಲ್ಲಿ ಆ ಸಂಧಿ ಪ್ರಯಾಣಿಕರನ್ನು ಕಾಯದೆ ಹೋಗಬಹುದು. ದುರಸ್ತಿಗಾರರು ಪಾಲಿಸಬೇಕಾದ ಕೆಲವು ಎಚ್ಚರಿಕೆಗಳು ಹೀಗಿವೆ:

- ಮೊದಲು ಅಯಸ್ಕಾಂತದಿಂದ ಲೋಹವನ್ನು ಪರೀಕ್ಷಿಸಬೇಕು. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ. ತುಕ್ಕುರಹಿತ ಉಕ್ಕಿನ ಕೆಲವು ಬಗೆಗಳಿಗೂ ಅಂಟುವುದಿಲ್ಲವಾದ್ದರಿಂದ ತಯಾರಕರ ಕೈಪಿಡಿಯನ್ನೂ ನೋಡಬೇಕು.
- ಅಲ್ಯೂಮಿನಿಯಂ ಕಾದಾಗ ಉಕ್ಕಿನಂತೆ ಕೆಂಪಾಗುವುದಿಲ್ಲ. ಬಣ್ಣ ಬದಲಾಗದೆಯೇ ಕರಗಿಬಿಡುತ್ತದೆ. ಕಣ್ಣಂದಾಜಿನ ಶಾಖ ಇಲ್ಲಿ ನಡೆಯದು.
- ಉಕ್ಕಿಗೆ ಬಳಸಿದ ಉಜ್ಜುಗಾಲಿ ಮತ್ತು ಬ್ರಷ್‌ಗಳನ್ನು ಅಲ್ಯೂಮಿನಿಯಂಗೆ ಬಳಸಬಾರದು. ಹುದುಗಿಕೊಂಡ ಉಕ್ಕಿನ ಕಣಗಳು ನಶಿಸುವಿಕೆಗೆ ಕಾರಣವಾಗುತ್ತವೆ.
- ಅಲ್ಯೂಮಿನಿಯಂನ ನಯವಾದ ಧೂಳು ಗಾಳಿಯಲ್ಲಿ ಹರಡಿದಾಗ ಕಿಡಿ ತಾಗಿದರೆ ಸ್ಫೋಟಿಸಬಲ್ಲದು.
- ಸತು ಲೇಪಿತ ತಗಡನ್ನು ಬೆಸೆಯುವಾಗ ಬರುವ ಬಿಳಿ ಹೊಗೆಯ ಸೇವನೆಯಿಂದ ಜ್ವರ, ಮೈನೋವು ಬರುತ್ತದೆ. ಗಾಳಿಯಾಡುವ ಸ್ಥಳ ಮತ್ತು ಮುಖಗವಸು ಅಗತ್ಯ.
- ಮೆಗ್ನೀಸಿಯಂ ಭಾಗಗಳಿಗೆ ಬೆಂಕಿ ತಗುಲಿದರೆ ನೀರು ಹಾಕಬಾರದು. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿಯನ್ನು ಬಳಸಬೇಕು.

ಮರುಬಳಕೆ

ಅಲ್ಯೂಮಿನಿಯಂ ಅನ್ನು ಅದಿರಿನಿಂದ ಪಡೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಷ್ಟರಲ್ಲಿ ಗುಜರಿಯಿಂದ ಪಡೆಯಬಹುದು. ಆದರೆ ಗುಜರಿಯಲ್ಲಿ ಉಕ್ಕು ಬೆರೆತು ಕರಗಿದರೆ ಕಬ್ಬಿಣವನ್ನು ಬೇರ್ಪಡಿಸುವುದು ಕಷ್ಟವಾಗಿ, ಲೋಹದ ದರ್ಜೆ ಇಳಿಯುತ್ತದೆ. ಆಗ ಅದು ತಗಡಿಗೆ ಬಾರದೆ ಎರಕಕ್ಕೆ ಮಾತ್ರ ಸಲ್ಲುತ್ತದೆ. ಈ ಕಾರಣದಿಂದ ವಾಹನದ ಆಯುಷ್ಯ ಮುಗಿದ ಬಳಿಕ ಲೋಹಗಳನ್ನು ಬಿಡಿಸುವುದು ಎಷ್ಟು ಸುಲಭ ಎಂಬುದನ್ನೂ ಜೋಡಣೆಯ ವಿಧಾನವನ್ನು ಆರಿಸುವಾಗಲೇ ಪರಿಗಣಿಸಲಾಗುತ್ತದೆ. ತಿರುಪುಗಳನ್ನು ಬಿಚ್ಚಬಹುದು, ರಿವೆಟ್ಟುಗಳನ್ನು ಕೊರೆದು ತೆಗೆಯಬಹುದು. ಅಂಟು ಮತ್ತು ಬೆಸುಗೆಯ ಸಂಧಿಗಳನ್ನು ಬಿಡಿಸುವುದು ಹೆಚ್ಚು ಶ್ರಮದ ಕೆಲಸ.