ಸ್ಮಾರ್ಟ್ ಕ್ಲಾಸ್ ಇದ್ದರೆ ಸಾಕಾ? ನಿಮ್ಮ ಅಂಗಡಿಗೂ ಬರಬಹುದು ಶಾಲೆ ಮಕ್ಕಳ 'ಡಿಜಿಟಲ್ ಕಥೆ'

ಮೈಸೂರು: ಮಗುವನ್ನು ಶಾಲೆಗೆ ಸೇರಿಸಲು ಹೋದರೆ ಈಗ ಮೊದಲು ಕಾಣೋದು 'ಸ್ಮಾರ್ಟ್ ಕ್ಲಾಸ್ ಸೌಲಭ್ಯವಿದೆ' ಎಂಬ ಬೋರ್ಡು. ಎಷ್ಟೋ ಸರ್ಕಾರಿ ಶಾಲೆಗಳಿಗೂ ಪ್ರೊಜೆಕ್ಟರ್, ದೊಡ್ಡ ಟಿ.ವಿ. ಬಂದಿವೆ. ಪೋಷಕರಿಗೂ ಖುಷಿ. ಆದರೆ ಗೋಡೆ ಮೇಲೆ ಪರದೆ ಇದ್ದ ಮಾತ್ರಕ್ಕೆ ಪಾಠ ತಲೆಗೆ ಹತ್ತುತ್ತಾ? ಪರದೆ ಹಚ್ಚಿದಾಗ ಮಗು ಏನು ಮಾಡ್ತಾ ಇರುತ್ತೆ ಅನ್ನೋದರ ಮೇಲೆ ಅದು ನಿಂತಿದೆ.

ಮೈಸೂರಿಗೆ ಇದು ಹೊಸದಲ್ಲ

ತಂತ್ರಜ್ಞಾನದಿಂದ ಜನರಿಗೆ ತಿಳಿವಳಿಕೆ ಮುಟ್ಟಿಸುವ ಕೆಲಸದಲ್ಲಿ ಮೈಸೂರು ಹಳೇ ಕೈ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ್ದರು. 'ಆಕಾಶವಾಣಿ' ಎಂದು ಕರೆಸಿಕೊಂಡದ್ದು ಅದೇ. ಮುಂದೆ ಆ ಹೆಸರು ಇಡೀ ದೇಶದ ರೇಡಿಯೊಗೆ ಬಂತು.

2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿಸಿತು. ಪ್ರಾಥಮಿಕ ಶಾಲೆಗಳಿಗೆ ಉಪಗ್ರಹದ ಮೂಲಕ ಪಾಠ ಕಳಿಸುವ ಪ್ರಯೋಗಕ್ಕೆ ಆಯ್ಕೆಯಾದದ್ದು, 1997ರವರೆಗೆ ಮೈಸೂರು ಜಿಲ್ಲೆಯಲ್ಲೇ ಇದ್ದ ಚಾಮರಾಜನಗರ. ಅಲ್ಲಿನ 880ಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ಡಿಶ್, ಟಿ.ವಿ. ಬಂದವು. 2010ರಲ್ಲಿ ಉಪಗ್ರಹದ ಆಯಸ್ಸು ಮುಗಿಯಿತು. ಆಮೇಲೆ 2017ರಲ್ಲಿ ಶುರುವಾದ 'ದೀಕ್ಷಾ' ವೇದಿಕೆಯಿಂದ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮೊಬೈಲ್‌ನಲ್ಲೇ ವಿಡಿಯೊ ಪಾಠ ತೆರೆಯುವಂತಾಯಿತು.

ರೇಡಿಯೊ, ಉಪಗ್ರಹ, ಕ್ಯೂಆರ್ ಕೋಡ್ ಎಲ್ಲವೂ ಉಪಯೋಗದ್ದೇ. ಆದರೆ ಮೂರರಲ್ಲೂ ಹೇಳುವವರು ಎಲ್ಲೋ ಇದ್ದರು, ಮಗು ಕೇಳ್ತಾ ಅಥವಾ ನೋಡ್ತಾ ಕೂತಿತ್ತು. ಈಗ ಮನೆಮನೆಯಲ್ಲಿರುವ ಮೊಬೈಲ್‌ನಿಂದ ಮಗುವೇ ಹೇಳಬಹುದು. ದೊಡ್ಡ ಬದಲಾವಣೆ ಇರೋದು ಇಲ್ಲೇ.

ಸ್ಲೈಡ್ ಓದಿದರೆ ಪಾಠ ಆಗಲ್ಲ

ಚಿತ್ರ, ಧ್ವನಿ, ಅಕ್ಷರ, ವಿಡಿಯೊ ಸೇರಿಸಿ ತೋರಿಸುವುದೇ ಮಲ್ಟಿಮೀಡಿಯಾ ಪಾಠ. ಅದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಪುಸ್ತಕದ ಪುಟವನ್ನೇ ಸ್ಲೈಡ್‌ಗೆ ತುಂಬಿಸಿ, ಅದನ್ನೇ ಗಟ್ಟಿಯಾಗಿ ಓದೋದು. ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ಈ ವಿಷಯದಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿದವರು. ಬರೀ ಮಾತಿಗಿಂತ ಮಾತು, ಚಿತ್ರ ಜೊತೆಗಿದ್ದರೆ ಕಲಿಕೆ ಚೆನ್ನಾಗಿ ಆಗುತ್ತೆ; ಆದರೆ ಚಿತ್ರ ತೋರಿಸಿ ವಿವರಿಸುವಾಗ ಅದೇ ಮಾತನ್ನು ಪರದೆ ಮೇಲೂ ಪೂರ್ತಿ ಬರೆದರೆ ಅದು ಭಾರವಾಗುತ್ತೆ ಎಂಬುದು ಅವರು ಕಂಡುಕೊಂಡ ಸಂಗತಿ. ಕಣ್ಣು ಅಕ್ಷರದ ಹಿಂದೆ ಓಡುತ್ತೆ, ಚಿತ್ರ ನೋಡೋಕೆ ಪುರಸೊತ್ತೇ ಸಿಗಲ್ಲ.

ಹಾಗಾಗಿ ಕಾವೇರಿ ಬಗ್ಗೆ ಪಾಠ ಅಂದ್ರೆ ಕೆ.ಆರ್.ಎಸ್. ಅಣೆಕಟ್ಟೆಯ ಒಂದು ಒಳ್ಳೇ ಚಿತ್ರ ಹಾಕಿ ಟೀಚರ್ ಬಾಯಲ್ಲಿ ವಿವರಿಸಿದರೆ ಸಾಕು. ಹತ್ತು ಸಾಲು ಬರೆದು, ಅಕ್ಷರ ಹಾರಿ ಬರುವ ಹಾಗೆ ಮಾಡಿ, ಹಿಂದೆ ಸಂಗೀತ ಹಾಕೋದು ಬೇಡ.

ಡಿಜಿಟಲ್ ಕಥೆ ಅಂದ್ರೆ ಏನು?

ಮಗು ತನಗೆ ಗೊತ್ತಿರುವ ಒಂದು ಸಂಗತಿಯನ್ನು ತನ್ನದೇ ಧ್ವನಿಯಲ್ಲಿ, ತಾನೇ ತೆಗೆದ ಫೋಟೊ ಜೋಡಿಸಿ, ಎರಡು-ಮೂರು ನಿಮಿಷದಲ್ಲಿ ಹೇಳೋದೇ ಡಿಜಿಟಲ್ ಕಥೆ. ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ ಶುರುವಾದ ಈ ಪದ್ಧತಿ ಈಗ ಹಲವು ದೇಶಗಳ ತರಗತಿಗಳಲ್ಲಿದೆ.

ಉದಾಹರಣೆಗೆ ದೇವರಾಜ ಮಾರುಕಟ್ಟೆಯನ್ನೇ ತಗೊಳ್ಳಿ. 2016ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕಾ, ಉಳಿಸಿ ದುರಸ್ತಿ ಮಾಡಬೇಕಾ ಎಂಬ ವಾದ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ಕಟ್ಟಡದ ಬಗ್ಗೆ ವರದಿಗಳು ಸಾಕಷ್ಟಿವೆ. ಆದರೆ ಒಳಗೆ ಕೂತು ಮಲ್ಲಿಗೆಯನ್ನು ಮಾರು ಹಾಕಿ ಕೊಡುವವರು, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮಾರುವವರು ದಿನ ಹೇಗೆ ನಡೆಸ್ತಾರೆ ಅನ್ನೋದು ಯಾವ ಪಠ್ಯದಲ್ಲೂ ಇಲ್ಲ. ಈ ಮೂರೂ ಬೆಳೆಗೆ ಭೌಗೋಳಿಕ ಸೂಚಕ ಮಾನ್ಯತೆ, ಅಂದ್ರೆ ಜಿಐ ಟ್ಯಾಗ್ ಇದೆ. ಇದನ್ನು ಇಟ್ಟುಕೊಂಡು ಏಳನೇ ತರಗತಿ ಮಕ್ಕಳು ಕಥೆ ಮಾಡೋದು ಹೀಗೆ:

1. ಐದೈದು ಮಕ್ಕಳ ಗುಂಪು, ಗುಂಪಿಗೆ ಒಂದೇ ಮೊಬೈಲ್. ಜೊತೆಗೆ ಟೀಚರ್ ಅಥವಾ ಪೋಷಕರು.

2. ಮೊದಲು ಒಂದೇ ಪ್ರಶ್ನೆ ಆರಿಸಿಕೊಳ್ಳೋದು. 'ಬೆಳಗ್ಗೆ ಬಂದ ಹೂವು ಸಂಜೆಗೆ ಉಳಿದರೆ ಏನು ಮಾಡ್ತೀರಿ?' ಇಷ್ಟು ಚಿಕ್ಕದಿರಲಿ. 'ಮಾರುಕಟ್ಟೆ ಇತಿಹಾಸ' ಅಂತ ಹೊರಟರೆ ಕಥೆ ಮುಗಿಯಲ್ಲ.

3. ಕೇಳಿದ್ದನ್ನು ಕೈಯಲ್ಲಿ ಬರೆದು ಸುಮಾರು 200 ಪದಕ್ಕೆ ಇಳಿಸೋದು. ನಿಜವಾದ ಕಲಿಕೆ ಆಗೋದು ಇಲ್ಲೇ. ಯಾವುದು ಬೇಕು, ಯಾವುದು ಬೇಡ ಅಂತ ಮಗುವೇ ತೀರ್ಮಾನಿಸಬೇಕು.

4. ಎಂಟು-ಹತ್ತು ಫೋಟೊ, ಗದ್ದಲ ಇಲ್ಲದ ಕೋಣೆಯಲ್ಲಿ ಧ್ವನಿ ರೆಕಾರ್ಡಿಂಗ್, ಆಮೇಲೆ ಯಾವುದಾದರೂ ಉಚಿತ ವಿಡಿಯೊ ಆ್ಯಪ್‌ನಲ್ಲಿ ಜೋಡಣೆ.

5. ಕೊನೆಗೆ ತರಗತಿಯಲ್ಲಿ ಪ್ರದರ್ಶನ. ಆ ಅಂಗಡಿಯವರನ್ನೂ ಕರೆದರೆ ಇನ್ನೂ ಚೆಂದ.

ಮಲ್ಲಿಗೆಯ ಘಮ ಯಾವ ಫೋಟೊದಲ್ಲೂ ಬರಲ್ಲ. ಅದನ್ನು ಮಾತಿನಲ್ಲೇ ಹೇಳಬೇಕು. ಮಗುವಿನ ಕನ್ನಡ ಬೆಳೆಯೋದು ಇಂಥ ಕಡೆಯೇ. ಹೂವು ಮಾರುವವರ ಮಗಳು ತರಗತಿಯಲ್ಲಿದ್ದರೆ ಅವತ್ತು ಎಲ್ಲರಿಗಿಂತ ಹೆಚ್ಚು ಗೊತ್ತಿರೋದು ಅವಳಿಗೆ. ಪರೀಕ್ಷೆಯಲ್ಲಿ ಹಿಂದೆ ಬೀಳುವ ಮಗು ಕೂಡ ಇಲ್ಲಿ ಮುಂದೆ ಬಂದು ಮಾತಾಡಬಹುದು. ಪ್ರೊಜೆಕ್ಟರ್ ಒಂದರಿಂದಲೇ ಇದು ಆಗೋದಿಲ್ಲ.

ಅಂಗಡಿಯವರು ಏನು ಮಾಡಬಹುದು?

ಮಕ್ಕಳು ಮೊಬೈಲ್ ಹಿಡಿದು ಬಂದಾಗ 'ಹೋಗ್ರಪ್ಪಾ, ವ್ಯಾಪಾರದ ಟೈಮು' ಅನ್ನೋದು ಸಹಜ. ಬದಲಿಗೆ 'ಮಧ್ಯಾಹ್ನ ಮೂರು ಗಂಟೆಗೆ ಬನ್ನಿ' ಅಂತ ಬಿಡುವಿನ ಹೊತ್ತು ಹೇಳಿ ಕಳಿಸಬಹುದು. ಹತ್ತು ನಿಮಿಷ ಸಾಕು. ಹಳೇ ತಕ್ಕಡಿ, ಅಪ್ಪನ ಕಾಲದ ಲೆಕ್ಕದ ಪುಸ್ತಕ, ಅಂಗಡಿಯ ಹಳೇ ಫೋಟೊ ಇದ್ದರೆ ತೋರಿಸಿ. ಹಿರಿಯರ ನೆನಪು ಅವರ ಜೊತೆಗೇ ಹೋಗಿಬಿಡುತ್ತೆ. ಹಾಗಾಗುವ ಮೊದಲು ಒಂದು ರೆಕಾರ್ಡಿಂಗ್ ಆದರೆ ಅದು ನಿಮ್ಮ ಮನೆಗೂ ಉಳಿಯುತ್ತೆ.

ಇಷ್ಟು ಎಚ್ಚರ ಇರಲಿ. ಯಾರದೇ ಫೋಟೊ, ಧ್ವನಿ ತೆಗೆಯುವ ಮೊದಲು ಮಕ್ಕಳು ಅನುಮತಿ ಕೇಳಬೇಕು. ಗಿರಾಕಿಗಳ ಮುಖ, ಫೋನ್ ನಂಬರ್, ಹಣ ಪಾವತಿಯ ಕ್ಯೂಆರ್ ಕೋಡ್ ಚಿತ್ರದಲ್ಲಿ ಬರಬಾರದು. ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರಬಹುದು, ಮಾರುಕಟ್ಟೆಯ ಸದ್ದೇ ಸಾಕು. ವಿಡಿಯೊ ತರಗತಿಯೊಳಗೇ ಇರುತ್ತಾ, ಎಲ್ಲರಿಗೂ ಸಿಗುವಂತೆ ಹಾಕ್ತಾರಾ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಪೋಷಕರು ಕೇಳಬೇಕಾದ ಪ್ರಶ್ನೆ

ಮುಂದಿನ ಪೋಷಕರ ಸಭೆಯಲ್ಲಿ 'ಸ್ಮಾರ್ಟ್ ಬೋರ್ಡ್ ಇದೆಯಾ?' ಅಂತ ಕೇಳಿದರೆ 'ಇದೆ' ಅನ್ನೋ ಉತ್ತರ ಸಿಗುತ್ತೆ, ಮಾತು ಅಲ್ಲಿಗೇ ಮುಗಿಯುತ್ತೆ. ಅದರ ಬದಲು 'ಈ ವರ್ಷ ಆ ಬೋರ್ಡ್‌ನಲ್ಲಿ ನಮ್ಮ ಮಗು ಏನು ತೋರಿಸಿತು?' ಅಂತ ಕೇಳಿ. ಉತ್ತರ ಸಿಗದಿದ್ದರೆ ಹತ್ತಿರದ ಸಂತೆಯನ್ನೋ ನಿಮ್ಮ ಅಂಗಡಿಯನ್ನೋ ಟೀಚರ್‌ಗೆ ಸೂಚಿಸಿ.