ಫ್ಯಾನ್ ತಿರುಗಿದರೂ ಕಾರ್ಡ್ ಏಕೆ ಕಾಣಿಸದು?

ಮಿನಿ ಪಿಸಿಗೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮಾತ್ರ ಕಾರ್ಡಿನ ಸುಳಿವೇ ಇರುವುದಿಲ್ಲ. ‘ಕಾರ್ಡೇ ಕೆಟ್ಟಿದೆ’ ಎಂದು ಬಹಳ ಜನ ತೀರ್ಮಾನಿಸುವುದು ಇಲ್ಲೇ. ಸಾವಿರಾರು ರೂಪಾಯಿಯ ಕಾರ್ಡನ್ನು ವಾಪಸು ಕಳಿಸುವ ಮೊದಲು ಇಷ್ಟು ತಿಳಿದಿರಲಿ: ಫ್ಯಾನ್ ತಿರುಗಿದರೆ ಕಾರ್ಡಿಗೆ ವಿದ್ಯುತ್ ಬಂದಿದೆ ಎಂದಷ್ಟೇ ಅರ್ಥ. ಡೇಟಾ ಹೋಗಿಬರುವ ದಾರಿ ಬೇರೆ. ಅದು ಪಿಸಿಐ ಎಕ್ಸ್‌ಪ್ರೆಸ್. ಆ ದಾರಿ ತೆರೆಯದಿದ್ದರೆ ಎಂಥ ಒಳ್ಳೆಯ ಕಾರ್ಡೂ ಕಂಪ್ಯೂಟರಿಗೆ ಕಾಣಿಸದು.

‘ಯುಎಸ್‌ಬಿ-ಸಿ ಪೋರ್ಟ್ ಇದೆಯಲ್ಲ, ಸಾಕು’ ಎನ್ನುವುದು ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ. ಯುಎಸ್‌ಬಿ-ಸಿ ಎನ್ನುವುದು ಪೋರ್ಟಿನ ಆಕಾರ ಮಾತ್ರ. ಅದರೊಳಗೆ ಪಿಸಿಐ ಎಕ್ಸ್‌ಪ್ರೆಸ್ ಹರಿಯುತ್ತದೆಯೇ ಎಂಬುದನ್ನು ಆಕಾರ ಹೇಳುವುದಿಲ್ಲ. ಥಂಡರ್‌ಬೋಲ್ಟ್ 3 ಮತ್ತು 4 ಎರಡರ ವೇಗವೂ ಸೆಕೆಂಡಿಗೆ 40 ಗಿಗಾಬಿಟ್. ಆದರೆ ಅದರಲ್ಲಿ ಕನಿಷ್ಠ 32 ಗಿಗಾಬಿಟ್ ಪಿಸಿಐ ಎಕ್ಸ್‌ಪ್ರೆಸ್‌ಗೆ ಸಿಗಲೇಬೇಕೆಂಬ ನಿಯಮ ಬಂದದ್ದು ಥಂಡರ್‌ಬೋಲ್ಟ್ 4ರಲ್ಲಿ. ಅದಕ್ಕೆ ಮೊದಲು ಈ ಕನಿಷ್ಠ ಮಿತಿ 16 ಗಿಗಾಬಿಟ್ ಇತ್ತು. ಯುಎಸ್‌ಬಿ4 ನಿಯಮಾವಳಿಯಲ್ಲಂತೂ ಕಂಪ್ಯೂಟರ್ ಈ ಸೌಲಭ್ಯ ಕೊಡಲೇಬೇಕೆಂಬ ಕಡ್ಡಾಯವೇ ಇಲ್ಲ. ಹೀಗಾಗಿ ಮಿನಿ ಪಿಸಿಯ ಡಬ್ಬಿಯ ಮೇಲಿನ ಬರಹವನ್ನು ನಂಬದೆ, ತಯಾರಕರ ತಾಂತ್ರಿಕ ವಿವರದಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬೆಂಬಲವಿದೆ ಎನ್ನುವ ಒಂದು ಸಾಲನ್ನು ಹುಡುಕಿ. ಕೇಬಲ್‌ಗೂ ಇದೇ ಮಾತು. ಫೋನ್ ಚಾರ್ಜ್ ಮಾಡುವ ಎಷ್ಟೋ ಸಿ-ಕೇಬಲ್‌ಗಳಲ್ಲಿ ಯುಎಸ್‌ಬಿ 2.0ಕ್ಕೆ ಬೇಕಾದಷ್ಟೇ ತಂತಿಗಳಿರುತ್ತವೆ. ಇನ್ನು ಎಂ-ಸರಣಿ ಚಿಪ್‌ನ ಮ್ಯಾಕ್ ಮಿನಿ ಇರುವವರು ಥಂಡರ್‌ಬೋಲ್ಟ್ ಗುರುತು ನೋಡಿ ಕಾರ್ಡ್ ಕೂರಿಸುವ ಡಾಕ್ ಕೊಳ್ಳಬಾರದು. ಹೊರಗಿನ ಗ್ರಾಫಿಕ್ಸ್ ಕಾರ್ಡಿಗೆ ಆಪಲ್ 2018ರಲ್ಲಿ ಮ್ಯಾಕ್‌ಒಎಸ್ 10.13.4ರೊಂದಿಗೆ ಕೊಟ್ಟ ಬೆಂಬಲ ಇಂಟೆಲ್ ಪ್ರೊಸೆಸರ್‌ನ ಮ್ಯಾಕ್‌ಗಳಿಗೆ ಮಾತ್ರ.

ಆಕ್ಯುಲಿಂಕ್ ಪೋರ್ಟ್ ಇರುವವರ ತೊಂದರೆ ಬೇರೆ. ಇದರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ನೇರವಾಗಿ ಹೊರಬರುತ್ತದೆ. ನಾಲ್ಕನೇ ತಲೆಮಾರಿನ ನಾಲ್ಕು ಲೇನ್ ಸಿಕ್ಕರೆ ಸುಮಾರು 64 ಗಿಗಾಬಿಟ್. ಆದರೆ ಪೆನ್‌ಡ್ರೈವ್‌ನಂತೆ ಯಾವಾಗ ಬೇಕಾದರೂ ಚುಚ್ಚಿ ತೆಗೆಯಬಹುದು ಎಂದುಕೊಂಡರೆ ಕೆಲಸ ಕೆಡುತ್ತದೆ. ಸಾಮಾನ್ಯ ಮಿನಿ ಪಿಸಿ ಆನ್ ಆಗುವ ಹೊತ್ತಿನಲ್ಲೇ ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳನ್ನು ಎಣಿಸಿ ಮುಗಿಸುತ್ತದೆ, ತಡವಾಗಿ ಬಂದ ಕಾರ್ಡು ಆ ಲೆಕ್ಕಕ್ಕೆ ಸೇರುವುದಿಲ್ಲ. ಎರಡೂ ಆಫ್ ಇರುವಾಗ ಕೇಬಲ್ ಹಾಕಿ, ಮೊದಲು ಡಾಕ್‌ನ ಪವರ್ ಸಪ್ಲೈ ಆನ್ ಮಾಡಿ, ಆಮೇಲೆ ಮಿನಿ ಪಿಸಿ. ಓಡುತ್ತಿರುವಾಗ ಕೇಬಲ್ ಕೀಳಲೇಬೇಡಿ.

ಎಂ.2 ಅಡಾಪ್ಟರ್ ಮೂಲಕ ಆಕ್ಯುಲಿಂಕ್ ಮಾಡಿಕೊಳ್ಳುವವರು ಸ್ಲಾಟ್ ಯಾವುದೆಂದು ನೋಡಬೇಕು. ಸಾಟಾ ಎಸ್‌ಎಸ್‌ಡಿಗೆ ಮಾತ್ರ ಮೀಸಲಾದ ಎಂ.2 ಸ್ಲಾಟಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಇರುವುದೇ ಇಲ್ಲ. ಕಾರ್ಡ್ ಕಾಣಿಸಿಕೊಂಡು, ಆಟದ ನಡುವೆ ಪರದೆ ಕಪ್ಪಾಗುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಕೇಬಲನ್ನು. ಪ್ರತಿ ಜೋಡಣೆಯಲ್ಲೂ, ಉದ್ದವಾದ ಪ್ರತಿ ಗೇಣಿನಲ್ಲೂ ಸಿಗ್ನಲ್ ಸೊರಗುತ್ತದೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಲಾಗರ್ ಹೆಸರಿನ 17ನೇ ಸಂಖ್ಯೆಯ ಎಚ್ಚರಿಕೆಗಳು ಸಾಲುಗಟ್ಟಿದ್ದರೆ ಅದು ಇದರದೇ ಗುರುತು. ಚಿಕ್ಕ ಕೇಬಲ್ ಹಾಕಿ ನೋಡಿ. ಬಯೋಸ್‌ನಲ್ಲಿ ಆಯ್ಕೆ ಇದ್ದರೆ ಆ ಸ್ಲಾಟಿನ ವೇಗವನ್ನು ಮೂರನೇ ತಲೆಮಾರಿಗೆ ಇಳಿಸಿ. ದಾರಿಯ ಅಗಲ ಅರ್ಧವಾದರೂ ಆಟದ ವೇಗ ಸಾಮಾನ್ಯವಾಗಿ ಅರ್ಧಕ್ಕಿಳಿಯುವುದಿಲ್ಲ. ನಡುನಡುವೆ ಕುಸಿಯುವ 64 ಗಿಗಾಬಿಟ್‌ಗಿಂತ ನೆಟ್ಟಗೆ ಓಡುವ 32 ಗಿಗಾಬಿಟ್ಟೇ ಸಾವಿರ ಪಾಲು ಮೇಲು.

ಇಲ್ಲೇ ಇನ್ನೊಂದು ಗಾಬರಿ ಕಾದಿರುತ್ತದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದರೆ ಬಸ್ ಇಂಟರ್‌ಫೇಸ್ ಎದುರು 1.1 ಎಂದು ಕಾಣುತ್ತದೆ, ಕೇಬಲ್ ಕೆಟ್ಟಿತೆಂದು ಹೊಸದಕ್ಕೆ ಆರ್ಡರ್ ಹೋಗುತ್ತದೆ. ಆದರೆ ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಕಾರ್ಡು ತಾನೇ ವೇಗ ಇಳಿಸಿಕೊಳ್ಳುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ, ಆಗ ಕಾಣುವ ಅಂಕಿಯನ್ನು ನಂಬಿ.

‘ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 43 ಬಂತು, ಕಾರ್ಡ್ ಹೋಯಿತು’ ಎನ್ನುವುದೂ ಅವಸರದ ಮಾತು. ಸಾಧನದಲ್ಲಿ ತೊಂದರೆಯಿದೆ ಎಂದು ಡ್ರೈವರ್ ದೂರಿದೆ ಎಂದಷ್ಟೇ ಅದರ ಅರ್ಥ. ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ. ಕೋಡ್ 12 ಬಂದರೆ ಕಾರ್ಡಿಗೆ ಬೇಕಾದ ಮೆಮೊರಿ ವಿಳಾಸ ಸಿಕ್ಕಿಲ್ಲ, ಬಯೋಸ್‌ನಲ್ಲಿ ‘ಅಬೋವ್ 4ಜಿ ಡಿಕೋಡಿಂಗ್’ ಆನ್ ಮಾಡಿ. ಪವರ್ ಕೇಬಲ್‌ಗಳನ್ನೂ ನೋಡಿ: ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್, ಒಂದು 8-ಪಿನ್ ಕೇಬಲಿನಿಂದ 150 ವಾಟ್. ಗೆಳೆಯರ ಡೆಸ್ಕ್‌ಟಾಪ್‌ನಲ್ಲೂ ಕಾರ್ಡ್ ಏಳದಿದ್ದರೆ ಮಾತ್ರ ವಾರಂಟಿಯ ಮಾತು.

ಎಲ್ಲ ಸರಿಹೋದ ಮೇಲೂ ಆಟ ಮಂದವಾಗಿದ್ದರೆ ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಅದು ಮಿನಿ ಪಿಸಿಯ ಎಚ್‌ಡಿಎಂಐಯಲ್ಲೇ ಇದ್ದರೆ ಕಾರ್ಡ್ ಬಿಡಿಸಿದ ಪ್ರತಿ ಚಿತ್ರವೂ ಅದೇ ಇಕ್ಕಟ್ಟಿನ ದಾರಿಯಲ್ಲಿ ಹಿಂದಿರುಗಬೇಕಾಗುತ್ತದೆ. ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಸಿಕ್ಕಿಸಿ.