ಕೂಸಿನ ಎತ್ತರದಿಂದ ನೋಡಿರಿ

ರಬಕವಿ-ಬನಹಟ್ಟಿಯಲ್ಲಿ ಅನೇಕ ನೇಕಾರರಿಗೆ ವಾಸದ ಮನೆಯೇ ಮಗ್ಗದ ಮನೆಯೂ ಆಗಿರುವದು. ವಿದ್ಯುನ್ಮಗ್ಗದ ಸದ್ದಿನಲ್ಲಿ ತಾಯಿಯ ನುಡಿಯು ಕೂಸಿನ ಕಿವಿಗೆ ಸ್ಪಷ್ಟವಾಗಿ ಮುಟ್ಟದು. ನುಡಿಯನ್ನು ಕೇಳದೆ ಕೂಸು ನುಡಿಯನ್ನು ಕಲಿಯುವದು ಹೇಗೆ? ಜಮಖಂಡಿ, ಮುಧೋಳಗಳ ಕಬ್ಬಿನ ಹೊಲದಲ್ಲಿ ದುಡಿಯುವ ತಾಯಂದಿರ ಚಿಂತೆಯೂ ಇಂಥದೇ. ಆದಕಾರಣ ಒಳ್ಳೆಯ ಶಿಶುಗೃಹವು ಅವಶ್ಯವಾದದ್ದು.

1907ರಲ್ಲಿ ಮರಿಯಾ ಮಾಂಟೆಸೊರಿಯವರು ರೋಮ್ ನಗರದ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದು, ಮೇಜು ಕುರ್ಚಿಗಳನ್ನು ಮಕ್ಕಳ ಅಳತೆಗೆ ಮಾಡಿಸಿದರು. ನಮ್ಮ ದೇಶದಲ್ಲಿ 1975ರಿಂದ ಅಂಗನವಾಡಿಗಳು ನಡೆದುಬಂದಿರುವವು. ಕರ್ನಾಟಕದ ಗ್ರಾಮಗಳಲ್ಲಿ 2023ರಿಂದ ‘ಕೂಸಿನ ಮನೆ’ಗಳೂ ತೆರೆದಿರುವವು.

ಕೋಣೆಯು ಹೇಗಿರತಕ್ಕದ್ದೆಂಬದನ್ನು ತಿಳಿಯಲು ನೆಲದ ಮೇಲೆ ಕುಳಿತು ನೋಡಿರಿ. ಕೂಸಿಗೆ ಕಿಟಕಿಯ ಹೊರಗಿನ ಗಿಡವು ಕಾಣುವದೋ? ಆಟಿಗೆಗಳು ಕೈಗೆ ಎಟಕುವವೋ? ದಣಿದ ಕೂಸಿಗೆ ಶಾಂತವಾದ ಒಂದು ಮೂಲೆ ಉಂಟೋ? ಬೀಳಗಿಯ ಬಿಸಿಲಿಗೆ ಬರೀ ತಗಡಿನ ಮಾಡು ಸಲ್ಲದು. ಅಂಗಳಕ್ಕೆ ಬೇವಿನ ನೆರಳು ಬೇಕು. ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ದಾರಿಯಿದ್ದರೆ ನಡೆಯಲಾರದ ಕೂಸೂ ಗಾಲಿಕುರ್ಚಿಯಲ್ಲಿ ಒಳಗೆ ಬರುವದು. ಗೋಡೆಯುದ್ದಕ್ಕೂ ಕೈಗೆ ಸಿಗುವಂತೆ ಹಗ್ಗ ಕಟ್ಟಿದರೆ ಕಣ್ಣಿಲ್ಲದ ಕೂಸು ತನ್ನ ಸ್ಥಳವನ್ನು ತಾನೇ ಹುಡುಕಿಕೊಳ್ಳುವದು. ಮನೆಯಲ್ಲಿ ಉರ್ದು ಇಲ್ಲವೆ ಮರಾಠಿ ಆಡುವ ಕೂಸನ್ನು ಅದರ ನುಡಿಯಲ್ಲಿಯೇ ಮೊದಲು ಕರೆಯತಕ್ಕದ್ದು.

ಪ್ರಿಯ ಭಗಿನಿಯರೇ, ತಾಯ್ತಂದೆಗಳೇ, ನಿಮ್ಮ ಓಣಿಯ ಅಂಗನವಾಡಿಗೆ ಒಮ್ಮೆ ಹೋಗಿರಿ. ಬಂದ ಮಕ್ಕಳನ್ನು ಎಣಿಸಿದರೆ ಸಾಲದು. ಬಾರದೆ ಮನೆಯಲ್ಲಿಯೇ ಉಳಿದ ಕೂಸು ಯಾವದು, ಅದನ್ನು ತಡೆದದ್ದು ಯಾವದು ಎಂದು ಕೇಳಿರಿ. ಅನೇಕ ವೇಳೆ ಆ ತಡೆಯು ಒಂದು ಮೆಟ್ಟಿಲಿನಷ್ಟೇ ಎತ್ತರವಿರುವದು.